ಸ್ಕೂಬಾ ತರಬೇತಿಯ ಈಜು ಪರೀಕ್ಷೆಗೆ ಅಷ್ಟಾಗಿ ಈಜು ಬಾರದವರ ಸಿದ್ಧತೆ

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿದು ಬಂದವರು ಕಾಸರಗೋಡಿನ ಕಡೆಯಲ್ಲೂ ಈಗ ಸಿಗುತ್ತಾರೆ. ಅವರನ್ನು ಕೇಳಿದರೆ ಈಜು ಬಾರದಿದ್ದರೂ ಸಾಕು ಎನ್ನುತ್ತಾರೆ. ಅವರು ಮಾಡಿದ ಮಟ್ಟಿಗೆ ಆ ಮಾತು ಸರಿಯೇ. ಒಂದು ಸಲದ ಪರಿಚಯ ಡೈವಿಂಗ್‌ನಲ್ಲಿ ತರಬೇತುದಾರರು ಉದ್ದಕ್ಕೂ ನಿಮ್ಮ ಜೊತೆಗೇ ಇದ್ದು ನೋಡಿಕೊಳ್ಳುವುದರಿಂದ ಅಲ್ಲಿ ಈಜು ಪರೀಕ್ಷೆ ಇರುವುದಿಲ್ಲ. ಆದರೆ ಪ್ರಮಾಣಪತ್ರ ಕೊಡುವ ತರಬೇತಿಗೆ, ಅಂದರೆ 18 ಮೀಟರ್ ಆಳದವರೆಗೆ ಜೊತೆಗಾರರೊಡನೆ ಇಳಿಯಲು ಅರ್ಹತೆ ನೀಡುವ ಓಪನ್ ವಾಟರ್ ಡೈವರ್ ಕೋರ್ಸಿಗೆ ಸೇರಿದಾಗ ಲೆಕ್ಕ ಬದಲಾಗುತ್ತದೆ. ಹಣ ಕಟ್ಟಿ, ರಜೆ ಹಾಕಿ, ಅಂಡಮಾನಿಗೋ ಪುದುಚೇರಿಗೋ ಹೋಗಿ ಇಳಿದ ಮೇಲೆ ಈ ವಿಷಯ ತಿಳಿದರೆ ಸಿದ್ಧತೆಗೆ ಸಮಯವೇ ಉಳಿಯುವುದಿಲ್ಲ.

ಪರೀಕ್ಷೆಯಲ್ಲಿ ಎರಡು ಭಾಗಗಳಿವೆ. ಪ್ಯಾಡಿ ಮತ್ತು ಎಸ್‌ಎಸ್‌ಐ ಎಂಬ, ಸ್ಕೂಬಾ ಪ್ರಮಾಣಪತ್ರ ಕೊಡುವ ಎರಡು ದೊಡ್ಡ ಸಂಸ್ಥೆಗಳ ನಿಯಮಗಳೂ ಈ ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇವೆ. ಮೊದಲನೆಯದು ಯಾವ ಉಪಕರಣದ ಸಹಾಯವೂ ಇಲ್ಲದೆ 200 ಮೀಟರ್ ದೂರವನ್ನು ಎಲ್ಲಿಯೂ ನಿಲ್ಲದೆ ಈಜುವುದು. ಇದರ ಬದಲು ಮಾಸ್ಕ್ (ಕಣ್ಣು ಮೂಗು ಮುಚ್ಚುವ ಕನ್ನಡಕ), ಫಿನ್ (ಕಾಲಿಗೆ ಕಟ್ಟುವ ಈಜುರೆಕ್ಕೆ) ಮತ್ತು ಸ್ನಾರ್ಕೆಲ್ (ಬಾಯಿಗಿಟ್ಟು ಉಸಿರಾಡುವ ನಳಿಗೆ) ಧರಿಸಿ 300 ಮೀಟರ್ ಈಜಲೂ ಅವಕಾಶವಿದೆ. ಎರಡನೆಯದು ನೆಲವನ್ನಾಗಲಿ ಗೋಡೆಯನ್ನಾಗಲಿ ಮುಟ್ಟದೆ ಹತ್ತು ನಿಮಿಷ ನೀರಿನ ಮೇಲೆ ತೇಲಿಕೊಂಡಿರುವುದು. ಈಜಿಗೆ ಸಮಯದ ಮಿತಿಯಿಲ್ಲ, ಇಂಥದೇ ಶೈಲಿ ಎಂಬ ಕಟ್ಟುಪಾಡೂ ಇಲ್ಲ. ಅಂಗಾತ ಈಜಬಹುದು, ಮಗ್ಗುಲಾಗಿ ಈಜಬಹುದು, ನಡುವೆ ಶೈಲಿ ಬದಲಿಸಲೂಬಹುದು.

ಸಮಯವನ್ನೂ ಶೈಲಿಯನ್ನೂ ನೋಡದ ಪರೀಕ್ಷೆ ಏನನ್ನು ನೋಡುತ್ತದೆ ಎಂಬುದನ್ನು ಮೊದಲೇ ಅರಿತುಕೊಂಡರೆ ಸಿದ್ಧತೆಯ ದಾರಿ ಅರ್ಧ ಸಲೀಸಾಗುತ್ತದೆ. ನೀರಿನಡಿಯಲ್ಲಿ ಡೈವರ್ ಕೈ ಬೀಸಿ ಈಜುವುದಿಲ್ಲ, ಫಿನ್ ಕಟ್ಟಿದ ಕಾಲಿನಿಂದಲೇ ನಿಧಾನವಾಗಿ ಸಾಗುತ್ತಾನೆ. ಆದರೆ ಮೇಲೆ ಬಂದಾಗ ದೋಣಿ ದೂರದಲ್ಲಿದ್ದರೆ, ಅಲೆಯಿದ್ದರೆ, ಮಾಸ್ಕ್ ಜಾರಿ ಮುಖಕ್ಕೆ ನೀರು ಅಪ್ಪಳಿಸಿದರೆ ಆ ಗಳಿಗೆಯಲ್ಲಿ ಗಾಬರಿಯಾಗದೆ ಇರಬಲ್ಲನೇ ಎಂಬುದು ತರಬೇತುದಾರನಿಗೆ ಬೇಕಾದ ಉತ್ತರ. ಹಾಗಾಗಿ ತೋಳಿನ ಬಲ ಹೆಚ್ಚಿಸಿಕೊಳ್ಳಲು ಜಿಮ್ಮಿಗೆ ಹೋಗುವುದಕ್ಕಿಂತ ನೀರಿನಲ್ಲಿ ಅವಸರವಿಲ್ಲದೆ ಉಸಿರಾಡುವುದನ್ನು ಕಲಿಯುವುದು ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಹೆಚ್ಚಿನವರು ಮೊದಲು 200 ಮೀಟರನ್ನು ಸಾಧಿಸಿಕೊಂಡು ತೇಲುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಈಜು ಅಷ್ಟಾಗಿ ಬಾರದವರು ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹತ್ತು ನಿಮಿಷ ನೆಮ್ಮದಿಯಿಂದ ತೇಲಬಲ್ಲವನಿಗೆ 200 ಮೀಟರ್ ಎನ್ನುವುದು ತಾಳ್ಮೆಯ ಪ್ರಶ್ನೆ ಮಾತ್ರ. ತೇಲಲು ಬಾರದವನಿಗಾದರೋ ಅದೇ ದೂರ ಪ್ರತಿ ಮೀಟರಿಗೂ ಒಂದು ಹೋರಾಟ.

ನಮ್ಮ ಊರಿನ ಈಜಿನ ಗುಣದೋಷ

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಅಡಿಕೆ ತೋಟಗಳ ಮನೆಗಳಲ್ಲಿ ಬೆಳೆದವರಿಗೆ ಈಜು ಸಂಪೂರ್ಣವಾಗಿ ಹೊಸದೇನಲ್ಲ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ ಎದೆಯಡಿಗೆ ಹಾಕಿಕೊಂಡೋ, ಬಾಳೆಯ ದಿಂಡನ್ನು ಅಪ್ಪಿಕೊಂಡೋ ತೋಟದ ಕೆರೆಯಲ್ಲಿ ಕೈಕಾಲು ಬಡಿದು ಕಲಿತವರು ಹಲವರಿದ್ದಾರೆ. ಹೀಗೆ ಕಲಿತವರಿಗೆ ನೀರಿನ ಭಯವಿರುವುದಿಲ್ಲ, ಅದು ದೊಡ್ಡ ಲಾಭ. ಆದರೆ ಆ ಈಜಿನಲ್ಲಿ ಮೂರು ಅಭ್ಯಾಸಗಳು ಬೇರೂರಿರುತ್ತವೆ. ತಲೆ ಸದಾ ನೀರಿನಿಂದ ಮೇಲಿರುತ್ತದೆ. ಉಸಿರನ್ನು ಬಿಗಿಹಿಡಿದು ಒಂದೇ ಓಟಕ್ಕೆ ಆಚೆ ದಡ ಸೇರುವ ಆತುರವಿರುತ್ತದೆ. ದಡ ಸಿಕ್ಕೊಡನೆ ಮೆಟ್ಟಿಲು ಹಿಡಿದು ಸುಧಾರಿಸಿಕೊಳ್ಳುವುದು ರೂಢಿಯಾಗಿರುತ್ತದೆ. ಕೆರೆಯ ಅಗಲ ಹತ್ತು ಹದಿನೈದು ಮೀಟರ್ ಇರುವ ಕಡೆ ಇಷ್ಟು ಸಾಕಾಗುತ್ತದೆ. 200 ಮೀಟರಿನಲ್ಲಿ ಈ ಮೂರೂ ಒಟ್ಟಿಗೆ ಸೇರಿ ಐವತ್ತು ಮೀಟರ್ ದಾಟುವುದರೊಳಗೆ ಮನುಷ್ಯನನ್ನು ಸುಸ್ತು ಮಾಡಿಬಿಡುತ್ತವೆ.

ತಲೆ ಎತ್ತಿದರೆ ದಣಿವಾಗುವುದೇಕೆಂದರೆ, ದೇಹದ ತೇಲುವ ಭಾಗ ಗಾಳಿ ತುಂಬಿದ ಎದೆಯ ಬಳಿ ಇದ್ದರೆ ಭಾರದ ಕೇಂದ್ರ ಸೊಂಟದ ಬಳಿ ಇರುತ್ತದೆ. ತಲೆಯನ್ನು ಎತ್ತಿದ ಕೂಡಲೇ ಸೊಂಟವೂ ಕಾಲುಗಳೂ ಕೆಳಗಿಳಿಯುತ್ತವೆ. ಓರೆಯಾಗಿ ನಿಂತ ದೇಹವನ್ನು ಮುಂದಕ್ಕೆ ತಳ್ಳಲು ಅಡ್ಡಕ್ಕೆ ಮಲಗಿದ ದೇಹಕ್ಕಿಂತ ಎಷ್ಟೋ ಹೆಚ್ಚು ಶ್ರಮ ಬೇಕು. ಬಲಿಷ್ಠ ತರುಣರು ಕೂಡ ಈ ಪರೀಕ್ಷೆಯಲ್ಲಿ ಏದುಸಿರು ಬಿಡುವುದಕ್ಕೆ ಮುಖ್ಯ ಕಾರಣ ಇದೇ. ಮೈಯಲ್ಲಿ ಕೊಬ್ಬು ಕಡಿಮೆಯಿದ್ದು ಮಾಂಸಖಂಡ ಹೆಚ್ಚಿರುವವರು ಸಹಜವಾಗಿಯೇ ಕಡಿಮೆ ತೇಲುತ್ತಾರೆ. ಜೊತೆಗೆ ಬಂದ ಅಕ್ಕನೋ ಅತ್ತಿಗೆಯೋ ಸಲೀಸಾಗಿ ತೇಲುತ್ತಿರುವಾಗ ತಾನು ಮುಳುಗುತ್ತಿದ್ದೇನೆಂದು ಅಂಥವರು ಹತಾಶರಾಗಬೇಕಿಲ್ಲ.

ಎಲ್ಲಿ ಅಭ್ಯಾಸ ಮಾಡಬೇಕು

ಈ ವಿಷಯದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯವರು ಕೊಂಚ ಹೆಚ್ಚೇ ಎಚ್ಚರ ವಹಿಸಬೇಕಾಗಿದೆ. ಕೇರಳದಲ್ಲಿ 2024ರಲ್ಲಿಯೂ 2025ರಲ್ಲಿಯೂ ಅಮೀಬಿಕ್ ಮೆದುಳುಜ್ವರದ ಪ್ರಕರಣಗಳು ವರದಿಯಾದವು; ಕೊಳೆತು ನಿಂತ ನೀರಿನಲ್ಲಿ ಸ್ನಾನ ಮಾಡಬಾರದು, ಮುಳುಗಬಾರದು ಎಂದು ರಾಜ್ಯದ ಆರೋಗ್ಯ ಇಲಾಖೆ ಎಚ್ಚರಿಸಿತು. ಈ ಕಾಯಿಲೆಗೆ ಕಾರಣವಾಗುವ ಅಮೀಬಾಗಳಲ್ಲಿ ಮುಖ್ಯವಾದದ್ದು ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ, ಮೂಗಿನ ಮೂಲಕ ಒಳಸೇರುತ್ತದೆ; ನೀರು ಕುಡಿಯುವುದರಿಂದ ಬರುವುದಿಲ್ಲ, ಉಪ್ಪುನೀರಿನಲ್ಲಿ ಅದು ಬದುಕುವುದಿಲ್ಲ. ಈಜು ಕಲಿಯುವವನ ಮೂಗಿಗೆ ನೀರು ಹೋಗುವುದನ್ನು ತಪ್ಪಿಸುವುದು ಕಷ್ಟವಾದ್ದರಿಂದ, ಪಾಚಿ ಕಟ್ಟಿದ ಮದಕವನ್ನಾಗಲಿ ಬೇಸಿಗೆಯಲ್ಲಿ ತಳ ಕಂಡ ಕೆರೆಯನ್ನಾಗಲಿ ಅಭ್ಯಾಸಕ್ಕೆ ಆರಿಸಿಕೊಳ್ಳಬಾರದು. ಮಳೆಗಾಲದ ಕೆಸರು ನೀರಿನಲ್ಲಿ ಇಲಿಜ್ವರದ ಭಯವೂ ಇರುತ್ತದೆ. ಕಾಲಿನಲ್ಲಿ ಗಾಯವಿದ್ದರಂತೂ ಇಳಿಯಲೇಬಾರದು.

ಮುರಕಲ್ಲು ತೆಗೆದು ಬಿಟ್ಟುಹೋದ ಕೋರೆಗಳಲ್ಲಿ ಮಳೆನೀರು ತುಂಬಿ ನಿಂತಾಗ ನೀರು ತಿಳಿಯಾಗಿ, ಆಹ್ವಾನಿಸುವಂತೆ ಕಾಣುತ್ತದೆ. ಆದರೆ ಅದರ ಅಂಚು ಗೋಡೆಯಂತೆ ನೇರವಾಗಿ ಕಡಿದದ್ದು. ಕಾಲೂರಲು ಇಳಿಜಾರಿಲ್ಲ, ಕೈಹಿಡಿಯಲು ಬೇರಿಲ್ಲ. ಈಜು ಕಡಿಮೆ ಬರುವವನಿಗೆ ಇದಕ್ಕಿಂತ ಕೆಟ್ಟ ಜಾಗ ಸಿಗುವುದು ಕಷ್ಟ. ಪಯಸ್ವಿನಿ ಹೊಳೆಯ ಗುಂಡಿಗಳಲ್ಲಿ ತಳದ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಬೇಕಲದಿಂದ ಮಂಜೇಶ್ವರದವರೆಗಿನ ಕಡಲ ತೀರವನ್ನೂ ಅಭ್ಯಾಸದ ಪಟ್ಟಿಯಿಂದ ತೆಗೆದುಬಿಡಬೇಕು. ಅಳಿವೆಗಳ ಬಳಿ ನೀರು ಹೊರಕ್ಕೆ ಎಳೆಯುತ್ತದೆ. ಗಾಳಿಮಳೆಯ ಸೂಚನೆಯೇ ಇಲ್ಲದೆ ದೂರದ ಸಾಗರದಿಂದ ಬಂದು ಅಪ್ಪಳಿಸುವ, ಕೇರಳದ ಮೀನುಗಾರರು ಕಳ್ಳಕಡಲ್ ಎಂದು ಕರೆಯುವ ದೊಡ್ಡ ಅಲೆಗಳ ಬಗ್ಗೆ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಕರಾವಳಿಗೆ ಆಗಾಗ ಮುನ್ನೆಚ್ಚರಿಕೆ ಕೊಡುತ್ತಿರುತ್ತದೆ. ಕಡಲಿನಲ್ಲಿ ಕೋರ್ಸ್ ಮಾಡುವುದೆಂದ ಮಾತ್ರಕ್ಕೆ ಕಡಲಿನಲ್ಲೇ ಅಭ್ಯಾಸ ಮಾಡಬೇಕೆಂದೇನೂ ಇಲ್ಲ. ದೇವಸ್ಥಾನಗಳ ಕೆರೆಗಳಿಗೆ ಅವುಗಳದೇ ನಿಯಮಗಳಿರುತ್ತವೆ. ಅನುಮತಿ ಇದ್ದ ಕಡೆಯೂ ಆಳವನ್ನು ತಿಳಿದವರ ಮಾತು ಕೇಳಿಯೇ ಇಳಿಯಬೇಕು.

ಕ್ಲೋರಿನ್ ಹಾಕಿ ಸರಿಯಾಗಿ ನೋಡಿಕೊಳ್ಳುವ, ಜೀವರಕ್ಷಕರಿರುವ ಈಜುಕೊಳವೇ ಒಳ್ಳೆಯದು. ಮಂಗಳೂರಿನ ಲೇಡಿಹಿಲ್‌ನಲ್ಲಿ ಮಂಗಳಾ ಈಜುಕೊಳವಿದೆ, ಎಮ್ಮೆಕೆರೆಯಲ್ಲಿ ಇನ್ನೊಂದಿದೆ. ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ಬೆಳಗಿನ ರೈಲು ಹಿಡಿದರೆ ಮಂಗಳೂರು ದೂರವೇನಲ್ಲ. ವಾರಕ್ಕೆ ಎರಡು ಸಲ ಹೋಗಲು ಸಾಧ್ಯವಾದರೂ ಸಾಕು. ಹೋಗುವ ಮೊದಲು ಫೋನ್ ಮಾಡಿ ಸಮಯ, ಮಹಿಳೆಯರಿಗೆ ಪ್ರತ್ಯೇಕ ಹೊತ್ತು ಇದೆಯೇ ಎಂಬುದು, ಉಡುಪಿನ ನಿಯಮ ಇವುಗಳನ್ನು ಕೇಳಿಕೊಳ್ಳುವುದು ಲೇಸು. ಹತ್ತಿಬಟ್ಟೆ ತೊಟ್ಟು ಇಳಿಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಒದ್ದೆಯಾದ ಹತ್ತಿ ಮೈಗಂಟಿಕೊಂಡು ಎಳೆಯುವುದರಿಂದ ಈಜುವವನಿಗೂ ಅದು ತೊಂದರೆಯೇ. ಮೈ ಪೂರ್ತಿ ಮುಚ್ಚುವ ಈಜುಡುಗೆಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಎಲ್ಲಿಯೇ ಆಗಲಿ ಒಬ್ಬರೇ ಇಳಿಯಬಾರದು. ಈಜು ಚೆನ್ನಾಗಿ ಬಲ್ಲವರೊಬ್ಬರು ದಡದಲ್ಲಿ ಮಾತಿಗೆ ನಿಲ್ಲದೆ, ಮೊಬೈಲ್ ನೋಡದೆ, ನೀರಿನ ಕಡೆಗೇ ಕಣ್ಣಿಟ್ಟು ಇರಬೇಕು.

ಮೊದಲ ವಾರಗಳು: ಉಸಿರು ಮತ್ತು ತೇಲುವಿಕೆ

ಡಿಸೆಂಬರಿನ ಕ್ರಿಸ್ಮಸ್ ರಜೆಯಲ್ಲಿ ಕೋರ್ಸ್ ಮಾಡುವ ಯೋಜನೆಯಿದ್ದರೆ ಅಕ್ಟೋಬರಿನಲ್ಲಿ ಆರಂಭಿಸುವುದು ಸರಿ. ಆರರಿಂದ ಎಂಟು ವಾರಗಳ ಅವಧಿ, ಕೊಂಚ ಈಜು ಗೊತ್ತಿರುವವನಿಗೆ ಸಾಕಾಗುತ್ತದೆ. ನೀರನ್ನೇ ಕಂಡರಿಯದವರು ಇದರ ಇಮ್ಮಡಿ ಸಮಯವನ್ನು ಇಟ್ಟುಕೊಂಡು, ಮೊದಲು ಗುರುವೊಬ್ಬರ ಬಳಿ ಈಜು ಕಲಿಯಬೇಕು. ಆ ಕೆಲಸವನ್ನು ಬರಹವೊಂದು ಮಾಡಲಾರದು.

ಮೊದಲ ಪಾಠವೆಂದರೆ ನೀರೊಳಗೆ ಉಸಿರು ಬಿಡುವುದು. ಈಜುವಾಗ ಎದೆ ಒತ್ತಿ ಬರುವಂತೆ ಆಗುವುದು ಆಮ್ಲಜನಕ ಮುಗಿದುದರಿಂದ ಎಂದು ಹಲವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಆ ಒತ್ತಡವನ್ನು ಹುಟ್ಟಿಸುವುದು ಹೊರಹೋಗದೆ ಒಳಗೇ ಉಳಿದ ಇಂಗಾಲದ ಡೈಆಕ್ಸೈಡ್. ಉಸಿರು ಹಿಡಿದು ಈಜುವವನು ತಲೆ ಎತ್ತಿದ ಒಂದು ಕ್ಷಣದಲ್ಲಿ ಹಳೆಯ ಗಾಳಿಯನ್ನು ಬಿಟ್ಟು ಹೊಸ ಗಾಳಿಯನ್ನು ಎಳೆದುಕೊಳ್ಳಬೇಕಾಗುತ್ತದೆ. ಎರಡಕ್ಕೂ ಸಮಯ ಸಾಲದೆ ಅರ್ಧಂಬರ್ಧ ಉಸಿರು ತೆಗೆದುಕೊಳ್ಳುತ್ತಾನೆ, ನಾಲ್ಕಾರು ಬಾರಿ ಹೀಗಾದರೆ ಗಾಬರಿ ಶುರುವಾಗುತ್ತದೆ. ಆದ್ದರಿಂದ ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಂತು, ಬಾಯಿಯಿಂದ ಗಾಳಿ ಎಳೆದುಕೊಂಡು, ಮುಖ ಮುಳುಗಿಸಿ, ಮೂಗು ಮತ್ತು ಬಾಯಿಯಿಂದ ಸಣ್ಣ ಗುಳ್ಳೆಗಳು ಎಡೆಬಿಡದೆ ಬರುವಂತೆ ಉಸಿರು ಬಿಡಬೇಕು. ಮುಖ ಮೇಲೆತ್ತಿದಾಗ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿದಿರಬೇಕು. ಇದನ್ನು ಮೂವತ್ತು ಸಲ ಒಂದೇ ಲಯದಲ್ಲಿ ಮಾಡಿದಾಗಲೂ ಏದುಸಿರು ಬಾರದಿದ್ದರೆ ಮುಂದಿನದಕ್ಕೆ ಹೋಗಬಹುದು. ನೋಡುವವರಿಗೆ ಇದು ಮಕ್ಕಳಾಟದಂತೆ ಕಾಣುತ್ತದೆ, ದೊಡ್ಡವರು ನಾಚಿಕೊಂಡು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟವರಿಗೆ ಮುಂದೆ ದೂರದ ಅಭ್ಯಾಸಕ್ಕೆ ಹೋದಾಗ ಇದೇ ಅಡ್ಡಿಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಜೋರಾಗಿ ಹತ್ತಾರು ಸಲ ಉಸಿರು ಎಳೆದುಬಿಟ್ಟು ಆಮೇಲೆ ಮುಳುಗಿ ಎಷ್ಟು ಹೊತ್ತು ಇರಬಲ್ಲೆನೆಂದು ಪಂದ್ಯ ಕಟ್ಟುವುದು ನಮ್ಮ ಹುಡುಗರ ಹಳೆಯ ಆಟ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮೇಲೆ ಬರಬೇಕೆಂಬ ತುಡಿತವೇ ಬಾರದೆ, ಆಮ್ಲಜನಕ ಮುಗಿದು ನೀರೊಳಗೇ ಎಚ್ಚರ ತಪ್ಪಬಹುದು. ಚೆನ್ನಾಗಿ ಈಜುವವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಸ್ಕೂಬಾದಲ್ಲಂತೂ ಉಸಿರು ಹಿಡಿಯಬಾರದು ಎಂಬುದೇ ಮೊದಲ ನಿಯಮ.

ಬಳಿಕ ಅಂಗಾತ ತೇಲುವುದು. ಜೊತೆಗಿರುವವರು ಒಂದು ಕೈಯನ್ನು ತಲೆಯ ಕೆಳಗೆ, ಇನ್ನೊಂದನ್ನು ಸೊಂಟದ ಕೆಳಗೆ ಸುಮ್ಮನೆ ಇಟ್ಟಿರಲಿ. ನೀವು ತಲೆಯನ್ನು ಹಿಂದಕ್ಕೆ ಬಿಟ್ಟು, ಗದ್ದವನ್ನು ಆಕಾಶದ ಕಡೆಗೆ ಮಾಡಿ, ಎದೆಯನ್ನು ಉಬ್ಬಿಸಿ ಮಲಗಬೇಕು. ಇಲ್ಲಿ ಎಲ್ಲರನ್ನೂ ಕಾಡುವ ಒಂದು ಗಳಿಗೆ ಬರುತ್ತದೆ: ಎರಡೂ ಕಿವಿಗಳು ಮುಳುಗಿದೊಡನೆ ಹೊರಗಿನ ಮಾತು, ಸದ್ದು ಎಲ್ಲ ಮಂಕಾಗಿ ತನ್ನದೇ ಉಸಿರಿನ ಸದ್ದು ದೊಡ್ಡದಾಗಿ ಕೇಳಿಸುತ್ತದೆ, ಕೆನ್ನೆಯ ಅಂಚಿನವರೆಗೆ ನೀರು ಬಂದು ಕಣ್ಣಿನ ಮೂಲೆಯನ್ನು ತಾಗುತ್ತದೆ. ಮುಳುಗಿದೆನೆಂದು ಭಾವಿಸಿ ಬಹುಪಾಲು ಜನ ಆಗಲೇ ತಲೆ ಎತ್ತುತ್ತಾರೆ. ತಲೆ ಎತ್ತಿದಾಗಲೇ ಸೊಂಟ ಇಳಿದು ನಿಜವಾಗಿಯೂ ಮುಳುಗುತ್ತಾರೆ. ಆ ಒಂದು ಗಳಿಗೆಯನ್ನು ತಡೆದುಕೊಂಡು, ನೀರು ಕೆನ್ನೆಯ ಬಳಿಯೇ ನಿಲ್ಲುತ್ತದೆ, ಬಾಯಿಗೆ ಬರುವುದಿಲ್ಲ ಎಂಬುದನ್ನು ದೇಹಕ್ಕೆ ಮನವರಿಕೆ ಮಾಡಿಸಬೇಕು. ಕೆಲವರಿಗೆ ಇದಕ್ಕೆ ಒಂದು ದಿನ ಸಾಕು, ಕೆಲವರಿಗೆ ಎರಡು ವಾರ ಬೇಕು. ಅವಸರ ಮಾಡಿ ಪ್ರಯೋಜನವಿಲ್ಲ.

ಕಾಲುಗಳು ಇಳಿಯುವವರು ಕೈಗಳನ್ನು ತಲೆಯ ಹಿಂದಕ್ಕೆ ನೀರಿನಲ್ಲೇ ಚಾಚಿದರೆ ತೂಕ ಎದೆಯ ಆಚೆಗೆ ಸರಿದು ಕಾಲು ಕೊಂಚ ಮೇಲೇಳುತ್ತದೆ. ಉಸಿರನ್ನು ಪೂರ್ತಿ ಖಾಲಿ ಮಾಡದೆ, ಎದೆಯಲ್ಲಿ ಸದಾ ಅರ್ಧಕ್ಕಿಂತ ಹೆಚ್ಚು ಗಾಳಿ ಉಳಿಸಿಕೊಂಡು, ಬೇಗ ಬಿಟ್ಟು ಬೇಗ ತುಂಬಿಕೊಳ್ಳಬೇಕು. ಪೂರ್ತಿ ತುಂಬಿದ ಮತ್ತು ಪೂರ್ತಿ ಖಾಲಿಯಾದ ಶ್ವಾಸಕೋಶಗಳ ನಡುವೆ ಮೂರು ನಾಲ್ಕು ಲೀಟರಿನ ಅಂತರವಿದೆ. ತೇಲುವ ಬಲದಲ್ಲಿ ಅದು ಸುಮಾರು ಅಷ್ಟೇ ಕಿಲೋಗಳ ವ್ಯತ್ಯಾಸ. ಇಷ್ಟರ ಮೇಲೂ ಇಳಿಯುವಂತಾದರೆ ಅಂಗೈಗಳ ಕೆಲಸ ಬೇಕು. ಕೈಗಳನ್ನು ತೊಡೆಯ ಪಕ್ಕದಲ್ಲಿಟ್ಟು, ಅಂಗಳದಲ್ಲಿ ಹರವಿದ ಅಡಿಕೆಯನ್ನು ಅಂಗೈಯಿಂದ ಆಚೆಗೂ ಈಚೆಗೂ ಸವರುವಂತೆ, ಅಂಗೈಯನ್ನು ಸ್ವಲ್ಪ ಓರೆ ಮಾಡಿ ನೀರನ್ನು ಸವರುತ್ತಿರಬೇಕು. ಚಲನೆ ಮಣಿಕಟ್ಟಿನಿಂದ ಬರಬೇಕು, ಭುಜ ಸಡಿಲವಾಗಿರಬೇಕು. ಇದನ್ನು ಬಲ್ಲವನು ಹತ್ತು ನಿಮಿಷವನ್ನು ಮಾತಾಡುತ್ತಲೇ ಕಳೆಯಬಲ್ಲ.

ನೀರಿನಲ್ಲಿ ನೆಟ್ಟಗೆ ನಿಂತು ಕಾಲಾಡಿಸುತ್ತ ತೇಲುವುದನ್ನೂ ಅಭ್ಯಾಸ ಮಾಡಿರುವುದು ಒಳ್ಳೆಯದು, ಆದರೆ ಅದನ್ನೇ ನೆಚ್ಚಿಕೊಳ್ಳುವುದು ಬೇಡ. ಅದು ಅಂಗಾತ ತೇಲುವುದಕ್ಕಿಂತ ಹೆಚ್ಚು ಆಯಾಸ ತರುತ್ತದೆ. ಹತ್ತು ನಿಮಿಷದಲ್ಲಿ ಎಂಟು ನಿಮಿಷ ಅಂಗಾತ, ಬೇಸರವಾದಾಗ ಒಂದೆರಡು ನಿಮಿಷ ನೆಟ್ಟಗೆ, ಮತ್ತೆ ಅಂಗಾತ ಎಂಬ ಹಂಚಿಕೆ ಸಾಕು. ಪರೀಕ್ಷೆ ಕಡಲಿನಲ್ಲಾದರೆ ನಿಮಗೇ ಅನುಕೂಲ. ಸಿಹಿನೀರಿಗಿಂತ ಕಡಲ ನೀರು ಶೇಕಡಾ ಎರಡೂವರೆಯಷ್ಟು ಸಾಂದ್ರವಾಗಿರುವುದರಿಂದ 60 ಕಿಲೋ ತೂಕದವನಿಗೆ ಸುಮಾರು ಒಂದೂವರೆ ಕಿಲೋದಷ್ಟು ಹೆಚ್ಚಿನ ಆಸರೆ ಅಲ್ಲಿ ಸಿಗುತ್ತದೆ. ಕೊಳದಲ್ಲಿ ಕಷ್ಟಪಟ್ಟು ತೇಲುವವರು ಕಡಲಿನಲ್ಲಿ ಸುಲಭವಾಗಿ ತೇಲುವುದು ಇದರಿಂದಲೇ.

ಆಮೇಲೆ ದೂರ

ಯಾವ ಶೈಲಿಯನ್ನು ಹಿಡಿಯಬೇಕೆಂಬುದು ಮುಂದಿನ ಪ್ರಶ್ನೆ. ಟಿವಿಯಲ್ಲಿ ಕಾಣುವ ಫ್ರೀಸ್ಟೈಲ್ ಅನ್ನು ಇದಕ್ಕಾಗಿ ಹೊಸದಾಗಿ ಕಲಿಯಲು ಹೊರಡಬಾರದು. ಪಕ್ಕಕ್ಕೆ ತಿರುಗಿ ಉಸಿರೆಳೆಯುವ ಅದರ ಲಯ ಕೈಗೂಡಲು ತಿಂಗಳುಗಳು ಹಿಡಿಯುತ್ತವೆ, ಅರ್ಧ ಕಲಿತ ಫ್ರೀಸ್ಟೈಲ್ ಪೂರ್ತಿ ದಣಿಸುತ್ತದೆ. ನಮ್ಮಲ್ಲಿ ಕಪ್ಪೆ ಈಜು ಎನ್ನುವ ಬ್ರೆಸ್ಟ್‌ಸ್ಟ್ರೋಕ್ ಅನ್ನು ಮುಖ್ಯವಾಗಿಟ್ಟುಕೊಂಡು, ದಣಿದಾಗ ಅಂಗಾತ ಹೊರಳಿ ಅದೇ ಕಪ್ಪೆಗಾಲನ್ನು ಬೆನ್ನ ಮೇಲೆ ಮಾಡುವ ಸರಳ ಈಜನ್ನು ಜೊತೆಗೆ ಇಟ್ಟುಕೊಳ್ಳುವುದು ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಬೆನ್ನ ಮೇಲಿನ ಈಜಿನಲ್ಲಿ ಕೈಗಳನ್ನು ಪಕ್ಕೆಯಗುಂಟ ಕಂಕುಳವರೆಗೆ ಎಳೆದು, ಅಗಲಕ್ಕೆ ಚಾಚಿ, ಕಾಲು ಒದೆಯುವಾಗಲೇ ತೊಡೆಯ ಕಡೆಗೆ ತಳ್ಳಿ, ಆಮೇಲೆ ಏನೂ ಮಾಡದೆ ಜಾರಲು ಬಿಡಬೇಕು. ಮುಖ ಹೊರಗೇ ಇರುವುದರಿಂದ ಉಸಿರಿನ ಚಿಂತೆಯಿಲ್ಲ. ದಿಕ್ಕು ತಪ್ಪುವುದೊಂದೇ ಇದರ ತೊಡಕು. ಕೊಳದಲ್ಲಿ ಮೇಲಿನ ಛಾವಣಿಯನ್ನೋ ಪಕ್ಕದ ಹಗ್ಗವನ್ನೋ, ಬಯಲಿನಲ್ಲಿ ಕಾಲಿನ ಆಚೆ ಕಾಣುವ ಒಂದು ಮರವನ್ನೋ ಗುರುತಾಗಿಟ್ಟುಕೊಳ್ಳಬಹುದು.

ಕಪ್ಪೆ ಈಜಿನಲ್ಲಿ ಕೆರೆಯ ಅಭ್ಯಾಸವನ್ನು ಬಿಡಿಸಬೇಕಾದ ಜಾಗ ಒಂದೇ: ಪ್ರತಿ ಒದೆತದ ಬಳಿಕ ಮುಖವನ್ನು ನೀರಿಗೆ ಇಳಿಸಿ, ಕೈಗಳನ್ನು ಮುಂದಕ್ಕೆ ಚಾಚಿ, ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸುವವರೆಗೆ ಸುಮ್ಮನೆ ಜಾರುವುದು. ಆ ಜಾರುವಿಕೆಯಲ್ಲೇ ವಿಶ್ರಾಂತಿ ಇರುವುದು, ಉಸಿರು ಬಿಡುವುದೂ ಆಗಲೇ. ಒಂದು ಉದ್ದಕ್ಕೆ ಎಷ್ಟು ಒದೆತ ಬೇಕಾಯಿತೆಂದು ಎಣಿಸಿಟ್ಟುಕೊಂಡು, ಮುಂದಿನ ಸಲ ಅದಕ್ಕಿಂತ ಕಡಿಮೆ ಒದೆತದಲ್ಲಿ ಅದೇ ಉದ್ದವನ್ನು ಮುಗಿಸಲು ಯತ್ನಿಸಬೇಕು. ಗಡಿಯಾರವನ್ನು ನೋಡಲೇಬಾರದು. ನಿಧಾನವಾಗಿ ಈಜುವವರಿಗೆ 200 ಮೀಟರಿಗೆ ಆರೆಂಟು ನಿಮಿಷ ಹಿಡಿಯಬಹುದು, ಹತ್ತು ನಿಮಿಷವಾದರೂ ನಷ್ಟವಿಲ್ಲ.

ದೂರವನ್ನು ಹೆಚ್ಚಿಸುವ ಬಗೆ ಹೀಗಿರಲಿ. 25 ಮೀಟರಿನ ಕೊಳದಲ್ಲಿ 200 ಮೀಟರ್ ಎಂದರೆ ಎಂಟು ಉದ್ದ. ಮೊದಲಿಗೆ ಒಂದು ಉದ್ದ ಈಜಿ, ಉಸಿರು ಪೂರ್ತಿ ಶಾಂತವಾಗುವವರೆಗೆ ನಿಂತು, ಮತ್ತೊಂದು ಉದ್ದ. ಹೀಗೆ ಎಂಟು ಬಾರಿ. ಮುಂದಿನ ಕೆಲವು ದಿನಗಳಲ್ಲಿ ನಿಲ್ಲುವ ಹೊತ್ತನ್ನು ಕಡಿಮೆ ಮಾಡುತ್ತ ಬರಬೇಕು. ಆಮೇಲೆ ಎರಡೆರಡು ಉದ್ದ ಜೋಡಿಸಿ ನಾಲ್ಕು ಸಲ, ಬಳಿಕ ನಾಲ್ಕು ನಾಲ್ಕು ಜೋಡಿಸಿ ಎರಡು ಸಲ. ಇಲ್ಲಿಗೆ ಬಂದವನು ಗೋಡೆಯ ಬಳಿ ನಿಲ್ಲುವ ಬದಲು ಕೊಳದ ನಡುವೆ ಅಂಗಾತ ಹೊರಳಿ ಬೆನ್ನ ಮೇಲೆ ನಿಧಾನವಾಗಿ ಸಾಗುತ್ತಲೇ ಸುಧಾರಿಸಿಕೊಳ್ಳಲು ಕಲಿತನೆಂದರೆ ಎಂಟೂ ಉದ್ದ ಒಂದಾಗುತ್ತವೆ. ನಡುವೆ ಒಂದು ವಾರ ಏನೂ ಮುಂದುವರಿಯದೆ ನಿಂತಂತೆ ಅನಿಸುವುದುಂಟು, ಸಾಮಾನ್ಯವಾಗಿ ಅದು 75 ಮೀಟರಿನ ಆಸುಪಾಸಿನಲ್ಲಿ. ಆಗ ಇನ್ನಷ್ಟು ಬಲ ಹಾಕುವುದಕ್ಕಿಂತ ಮೊದಲ 25 ಮೀಟರನ್ನು ನಾಚಿಕೆಯಾಗುವಷ್ಟು ನಿಧಾನ ಮಾಡಿನೋಡುವುದು ಫಲ ಕೊಡುತ್ತದೆ. ಏಕೆಂದರೆ ಅಲ್ಲಿ ಕೈಕೊಡುವುದು ಕೊನೆಯ ಉದ್ದವಲ್ಲ, ಹುರುಪಿನಿಂದ ಓಡಿಸಿದ ಮೊದಲ ಉದ್ದ.

ಗೋಡೆಯನ್ನು ಒದ್ದು ಹೊರಡುವಾಗ ಸಿಗುವ ಜಾರುವಿಕೆ ಪುಕ್ಕಟೆ ದೂರ. ಹನ್ನೆರಡು ಮೀಟರಿನ ಹೋಟೆಲ್ ಕೊಳದಲ್ಲಿ ಹದಿನೇಳು ಉದ್ದ ಈಜಿದವನು 200 ಮೀಟರ್ ದಾಟಿದನೆನ್ನುವುದು ಲೆಕ್ಕಕ್ಕೆ ನಿಜವಾದರೂ, ಅದರಲ್ಲಿ ಗಣನೀಯ ಪಾಲು ಗೋಡೆಯದು. ಪರೀಕ್ಷೆ ಕಡಲಿನಲ್ಲಿ ನಡೆದರೆ ಅಲ್ಲಿ ಗೋಡೆ ಇರುವುದಿಲ್ಲ. ಹಾಗಾಗಿ ಕೊನೆಯ ಎರಡು ವಾರಗಳಲ್ಲಿ ಗೋಡೆಯಿಂದ ಒಂದು ಮೀಟರ್ ಈಚೆಗೇ ತಿರುಗಿ ಹಿಂದಕ್ಕೆ ಬರುವ ರೂಢಿ ಮಾಡಿಕೊಳ್ಳಬೇಕು, ಮತ್ತು ಗುರಿಯನ್ನು 300 ಮೀಟರಿಗೆ ಏರಿಸಿಕೊಳ್ಳಬೇಕು. ಹೊಸ ಜಾಗ, ಅಲೆ, ನೋಡುವವರ ಕಣ್ಣು ಇವೆಲ್ಲ ಸೇರಿ ಶಕ್ತಿಯ ಒಂದು ಭಾಗವನ್ನು ತಿಂದುಹಾಕುತ್ತವೆ. ಕೊಳದಲ್ಲಿ ಸರಿಯಾಗಿ 200 ಮೀಟರಿಗೆ ಸುಸ್ತಾಗುವವನಿಗೆ ಕಡಲಿನಲ್ಲಿ ಅದು ಸಾಲದೆ ಹೋಗಬಹುದು.

ಮಾಸ್ಕ್, ಫಿನ್, ಸ್ನಾರ್ಕೆಲ್ ಧರಿಸಿದ 300 ಮೀಟರಿನ ಆಯ್ಕೆಯನ್ನು ತಲೆ ಎತ್ತಿಯೇ ಈಜಿ ರೂಢಿಯಾದವರು ಗಂಭೀರವಾಗಿ ಪರಿಗಣಿಸಬೇಕು. ಮುಖ ನೀರಿನಲ್ಲೇ ಇರುತ್ತದೆ, ಉಸಿರು ನಳಿಗೆಯಲ್ಲಿ ಬರುತ್ತದೆ, ಫಿನ್ ಒಂದು ಒದೆತಕ್ಕೆ ಇಮ್ಮಡಿ ದೂರ ಒಯ್ಯುತ್ತದೆ. ಆದರೆ ಫಿನ್ ಅಭ್ಯಾಸವಿಲ್ಲದ ಕಾಲಿಗೆ ಮೀನಖಂಡ ಹಿಡಿದುಕೊಳ್ಳುವುದು ಬಹಳ ಸಾಮಾನ್ಯ. ಹಾಗಾದಾಗ ಅಂಗಾತ ಹೊರಳಿ, ಫಿನ್ನಿನ ತುದಿಯನ್ನು ಹಿಡಿದು ಮೊಣಕಾಲು ನೇರ ಮಾಡಿ ತನ್ನ ಕಡೆಗೆ ಎಳೆದುಕೊಂಡರೆ ಸಡಿಲವಾಗುತ್ತದೆ. ಈ ಆಯ್ಕೆ ಮಾಡಿಕೊಂಡರೂ ಹತ್ತು ನಿಮಿಷದ ತೇಲುವಿಕೆ ತಪ್ಪುವುದಿಲ್ಲ, ಅದಕ್ಕೆ ಫಿನ್ನಿನ ಸಹಾಯವೂ ಇಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸ

ಈಜು ಪರೀಕ್ಷೆ ದಾಟಿದ ಮೇಲೂ ನೀರಿನ ರೂಢಿ ಕಡಿಮೆ ಇರುವವರು ಕೋರ್ಸಿನಲ್ಲಿ ಎಡವುವ ಇನ್ನೊಂದು ಜಾಗವಿದೆ: ನೀರಿನಡಿಯಲ್ಲಿ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳುವುದು. ಮೂಗಿಗೆ ನೀರು ತಾಗಿದೊಡನೆ ಮೂಗಿನಿಂದಲೇ ಉಸಿರೆಳೆಯುವುದು ದೇಹದ ಹಳೆಯ ಚಾಳಿ. ಇದನ್ನು ಮನೆಯಲ್ಲೇ ಬಿಡಿಸಬಹುದು. ಅಗಲ ಬಾಯಿಯ ಬಾಲ್ದಿಯಲ್ಲಿ ಶುದ್ಧವಾದ, ಕುದಿಸಿ ಆರಿಸಿದ ನೀರು ತುಂಬಿ, ಸ್ನಾರ್ಕೆಲ್ ಒಂದನ್ನು ಬಾಯಿಗಿಟ್ಟು, ಮಾಸ್ಕ್ ಇಲ್ಲದೆ ಮುಖವನ್ನು ಮುಳುಗಿಸಿ, ಬಾಯಿಂದ ಎಳೆದು ಮೂಗಿನಿಂದ ಬಿಡುತ್ತ ಒಂದು ನಿಮಿಷ ಇರಲು ಪ್ರಯತ್ನಿಸಬೇಕು. ಮೊದಲ ಸಲ ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಮನೆಯವರು ನಗುತ್ತಾರೆ. ದಿನಕ್ಕೆ ಐದು ನಿಮಿಷದಂತೆ ಎರಡು ವಾರ ಮಾಡಿದರೆ ಮುಖದ ಮೇಲಿನ ನೀರು ಲೆಕ್ಕಕ್ಕೇ ಬಾರದಂತಾಗುತ್ತದೆ. ಈಜಿನ ಉಸಿರಾಟಕ್ಕೂ ಇದರಿಂದ ಆಗುವ ಲಾಭ ಕಡಿಮೆಯೇನಲ್ಲ.

ದೇಹದ ವಿಚಾರವಾಗಿ ಎರಡು ಮಾತು. ಕೋರ್ಸಿಗೆ ಸೇರುವಾಗ ಆರೋಗ್ಯದ ಪ್ರಶ್ನಾವಳಿ ತುಂಬಬೇಕಾಗುತ್ತದೆ. ಅಸ್ತಮಾ, ಅಪಸ್ಮಾರ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಮೊದಲಾದವುಗಳಿಗೆ ಹೌದೆಂಬ ಉತ್ತರವಿದ್ದರೆ ವೈದ್ಯರ ಒಪ್ಪಿಗೆ ಪತ್ರವನ್ನು ಕೇಳುತ್ತಾರೆ. ಇದನ್ನು ಮುಚ್ಚಿಡುವುದು ಸ್ವಂತ ಪ್ರಾಣದ ಜೊತೆ ಆಡುವ ಆಟ. ಊರಿನಲ್ಲಿರುವಾಗಲೇ ಪ್ರಶ್ನಾವಳಿಯನ್ನು ತರಿಸಿಕೊಂಡು ವೈದ್ಯರಿಗೆ ತೋರಿಸಿದರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ. ಇನ್ನೊಂದು, ಈಜಿ ಬಂದ ಮೇಲೆ ಕಿವಿಗೆ ಬಿಸಿ ತೆಂಗಿನೆಣ್ಣೆ ಬಿಡುವ ಹಿರಿಯರ ಉಪಚಾರ. ತಲೆಯನ್ನು ವಾಲಿಸಿ ನೀರು ಇಳಿಸಿ, ಬಟ್ಟೆಯ ಅಂಚಿನಿಂದ ಹೊರಗಿವಿಯನ್ನು ಒರೆಸಿಕೊಂಡರೆ ಸಾಕು. ಎಣ್ಣೆಯೂ ಬೇಡ, ಕಡ್ಡಿಯೂ ಬೇಡ. ಕಿವಿ ನೋವು ಬಂದರೆ ವೈದ್ಯರನ್ನು ಕಂಡು, ವಾಸಿಯಾಗುವವರೆಗೆ ನೀರಿಗಿಳಿಯಬಾರದು.

ಪರೀಕ್ಷೆಯ ದಿನ

ಕೋರ್ಸ್ ಗೊತ್ತುಮಾಡುವ ಮೊದಲೇ ಆ ಕೇಂದ್ರದವರಿಗೆ ಬರೆದು ಕೆಲವು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಪರೀಕ್ಷೆ ಕೊಳದಲ್ಲೋ ಕಡಲಿನಲ್ಲೋ, ಯಾವ ದಿನ, ಸ್ನಾರ್ಕೆಲಿನ ಆಯ್ಕೆ ಕೊಡುತ್ತಾರೆಯೇ, ಮೊದಲ ಸಲ ಆಗದಿದ್ದರೆ ಮರುದಿನ ಮತ್ತೆ ಅವಕಾಶವಿದೆಯೇ, ಅದಕ್ಕೆ ಬೇರೆ ಶುಲ್ಕವಿದೆಯೇ. ನಾನು ಅಷ್ಟು ಚೆನ್ನಾಗಿ ಈಜುವವನಲ್ಲ ಎಂಬುದನ್ನೂ ಅದರಲ್ಲೇ ತಿಳಿಸಿಬಿಡುವುದು ಒಳ್ಳೆಯದು. ಅದಕ್ಕೆ ಅವರು ಕೊಡುವ ಉತ್ತರದಿಂದಲೇ ಕೇಂದ್ರದ ಗುಣವನ್ನು ಅಳೆಯಬಹುದು. ಪರೀಕ್ಷೆಯನ್ನೇನೂ ತಲೆಗೆ ಹಚ್ಚಿಕೊಳ್ಳಬೇಡಿ, ಸುಮ್ಮನೆ ಸಹಿ ಹಾಕಿಬಿಡುತ್ತೇವೆ ಎನ್ನುವವರಿಗಿಂತ, ಬನ್ನಿ, ಮೊದಲ ಸಂಜೆಯೇ ಒಮ್ಮೆ ನೋಡೋಣ ಎನ್ನುವವರನ್ನು ಆರಿಸಿಕೊಳ್ಳಬೇಕು.

ಆ ದಿನ ಪರೀಕ್ಷೆಗೆ ಎರಡು ಗಂಟೆ ಮೊದಲೇ ಹಗುರವಾಗಿ ತಿಂದಿರಬೇಕು. ಗಂಜಿಯೋ ಎರಡು ಇಡ್ಲಿಯೋ ಸಾಕು. ಖಾಲಿ ಹೊಟ್ಟೆಯಲ್ಲಿ ಇಳಿಯುವುದೂ ತಪ್ಪೇ. ನೀರಿಗಿಳಿದ ಕೂಡಲೇ ಈಜಲು ಹೊರಡದೆ, ನಾಲ್ಕಾರು ಸಲ ಮುಖ ಮುಳುಗಿಸಿ ಗುಳ್ಳೆ ಬಿಟ್ಟು, ಅರ್ಧ ನಿಮಿಷ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ಶುರುಮಾಡಲು ಅನುಮತಿ ಕೇಳಬೇಕು. ಪಕ್ಕದಲ್ಲಿ ಈಜುವ ತರುಣ ಮುಂದೆ ಹೋದರೆ ಹೋಗಲಿ. ಕಡಲಿನಲ್ಲಿ ಬಾಯಿಗೆ ಉಪ್ಪುನೀರು ಬಂದರೆ ನುಂಗದೆ ಉಗುಳಿ, ಕೆಮ್ಮು ಬಂದರೆ ಅಂಗಾತ ಹೊರಳಿ ಕೆಮ್ಮಿ, ಕಾಲಾಡಿಸುವುದನ್ನು ನಿಲ್ಲಿಸದೆ ಸಾಗಬೇಕು. ಚಲನೆ ಪೂರ್ತಿ ನಿಂತು, ದೋಣಿಯನ್ನೋ ಹಗ್ಗವನ್ನೋ ಹಿಡಿದರೆ ಅದು ನಿಂತ ಲೆಕ್ಕ. ಬೆನ್ನ ಮೇಲೆ ಮೆಲ್ಲಗೆ ಸಾಗುವುದು ಈಜಿನ ಲೆಕ್ಕಕ್ಕೇ ಸೇರುತ್ತದೆ. ಆದರೆ ನಿಜಕ್ಕೂ ಆಗದೆಂದು ಅನಿಸಿದಾಗ ಮಾನಕ್ಕೆ ಅಂಜದೆ ಕೈಯೆತ್ತಿ ಕರೆಯಬೇಕು.

ಒಮ್ಮೆ ಆಗದಿದ್ದರೆ ಕೋರ್ಸ್ ಅಲ್ಲಿಗೇ ಮುಗಿಯಿತೆಂದಲ್ಲ. ಪಾಠಗಳನ್ನೂ ಕೊಳದ ಅಭ್ಯಾಸಗಳನ್ನೂ ಮುಗಿಸಿ ಪ್ರಮಾಣಪತ್ರದ ಮೊದಲು ಪರೀಕ್ಷೆಯನ್ನು ಮತ್ತೆ ಕೊಡಲು ಬರುತ್ತದೆ. ರಜೆ ಮುಗಿದುಹೋದರೆ, ಅಲ್ಲಿಯವರೆಗೆ ಮುಗಿಸಿದ ಭಾಗಗಳ ದಾಖಲೆಯನ್ನು ತರಬೇತುದಾರರ ಸಹಿಯೊಂದಿಗೆ ಪಡೆದುಕೊಂಡು, ಉಳಿದದ್ದನ್ನು ನಿಗದಿತ ಅವಧಿಯೊಳಗೆ ಬೇರೊಂದು ಊರಿನ ಕೇಂದ್ರದಲ್ಲಿ ಪೂರೈಸುವ ವ್ಯವಸ್ಥೆಯೂ ಇದೆ. ಅಂಡಮಾನಿನಲ್ಲಿ ಉಳಿದುಹೋದ ಈಜನ್ನು ಊರಿಗೆ ಮರಳಿ ಎರಡು ತಿಂಗಳು ಅಭ್ಯಾಸ ಮಾಡಿ, ಮಳೆಗಾಲ ಹಿಡಿಯುವ ಮೊದಲು ಮುರುಡೇಶ್ವರದ ಕಡೆಯ ಕೇಂದ್ರವೊಂದರಲ್ಲಿ ಮುಗಿಸಿಕೊಳ್ಳಬಹುದು. ಅದಕ್ಕಾಗಿ ಆ ದಾಖಲೆಯನ್ನು ಹೊರಡುವ ಮುನ್ನವೇ ಕೇಳಿ ಪಡೆದಿರಬೇಕು.